ಕಿಟಕಿಯ ಹೊರಗೆ ನಿಂತವರು

ಟಿ.ವಿ.ಯನ್ನು ನಾನು ಮೊದಲು ನೋಡಿದ್ದು ಕಿಟಕಿಯಿಂದ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಗಿತ್ತು. ಮುಂಡರಗಿ ತಾಲೂಕಿನ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಸೆಟ್ಟು, ಗೌಡರ ಮನೆಯಲ್ಲಿ. ರವಿವಾರ ಮುಂಜಾನೆ ಊರವರೆಲ್ಲ ಪಡಸಾಲೆಯಲ್ಲಿ ಕೂಡುತ್ತಿದ್ದರು. ನಾವು ಕೇರಿಯ ಹುಡುಗರು ಹೊರಗೆ ನಿಂತು ಇಣುಕುತ್ತಿದ್ದೆವು. ಸರಳು ಮುಟ್ಟಿದರೆ ಬೈಗುಳ. ಹಿಂದಿ ಒಂದಕ್ಷರ ತಿಳಿಯುತ್ತಿರಲಿಲ್ಲ. ಒಳಗಿನವರು ಕೈ ಮುಗಿದಾಗ ನಾವೂ ಮುಗಿಯುತ್ತಿದ್ದೆವು.

1997ರಲ್ಲಿ ಗದಗ ಜಿಲ್ಲೆಯಾಯಿತು. ನಮ್ಮ ಕೂಲಿ ಮಾತ್ರ ಹಾಗೇ ಇತ್ತು. 1999ರಲ್ಲಿ ಗಾರೆ ಕೆಲಸಕ್ಕೆ ಮಸ್ಕತ್ತಿಗೆ ಹೋದೆ. ಕ್ಯಾಂಪಿನ ಒಂದು ಕೋಣೆಯಲ್ಲಿ ಎಂಟು ಜನ: ಮಲೆಯಾಳಿಗಳು, ಬಿಹಾರಿಗಳು, ನಾನು, ಲಕ್ಷ್ಮೇಶ್ವರದ ಕಡೆಯ ಒಬ್ಬ ಗೆಳೆಯ. ಪಾಸ್‌ಪೋರ್ಟು ಮಾಲಕನ ಕಪಾಟಿನಲ್ಲಿ, ತಲೆಯ ಮೇಲೆ ಸುಡುವ ಬಿಸಿಲು. ಸುಖವಿತ್ತು ಎಂದು ಹೇಳುವುದಿಲ್ಲ. ಆದರೆ ಉಣ್ಣುವುದು ಒಂದೇ ಪರಾತದಲ್ಲಿ, ನೋಡುವುದು ಒಂದೇ ಟಿ.ವಿ. ಎಲ್ಲಿ ಕೂತು ನೋಡಬೇಕೆಂದು ಅಲ್ಲಿ ಯಾರೂ ಹೇಳಲಿಲ್ಲ. ಆ ಗೆಳೆಯ ನನ್ನ ತೊಡೆಯ ಮೇಲೆ ತಲೆಯಿಟ್ಟು ಸಿನಿಮಾ ನೋಡುತ್ತಿದ್ದ.

ರಜೆಗೆ ಬಂದಾಗ ನಮ್ಮ ಮನೆಯಲ್ಲೂ ಟಿ.ವಿ. ಬಂದಿತ್ತು. ಕನ್ನಡದ ಧಾರಾವಾಹಿಗಳು. ದೊಡ್ಡ ಮನೆ, ರೇಷ್ಮೆ ಸೀರೆ, ಅತ್ತೆ-ಸೊಸೆ ಜಗಳ. ಭಾಷೆಯೇನೋ ನಮ್ಮದು. ಆದರೆ ನಾನು ನೋಡಿದ ಆ ಕತೆಗಳ ಊರುಗಳಿಗೆ ಕೇರಿಯೇ ಇರಲಿಲ್ಲ.

2020ರಲ್ಲಿ ಕೊರೊನಾ ಬಂತು, ಕೆಲಸ ಹೋಯಿತು. ಗೆಳೆಯ ನನಗಿಂತ ಮೊದಲೇ ಊರು ಸೇರಿದ್ದ. ನಾನು ಗದಗ-ಬೆಟಗೇರಿಯಲ್ಲಿ ಕ್ವಾರಂಟೈನ್ ಮುಗಿಸಿ ಊರಿಗೆ ಬಂದೆ. ವಾರ ಬಿಟ್ಟು, ಶಿರಹಟ್ಟಿಯ ಮೇಲೆ ಹಾಯ್ದು ಅವನ ಮನೆಗೆ ಹೋದೆ.

“ಬಾ ದೋಸ್ತ, ಇಲ್ಲೇ ಕಟ್ಟಿ ಮ್ಯಾಲ ಕುಂಡ್ರು. ಕೊರೊನಾ ಐತೆಲ್ಲ” ಅಂದ.

ಸರಿಯೇ ಅನ್ನಿಸಿತು. ಅಷ್ಟರಲ್ಲಿ ಅವನ ಪೈಕಿಯವರು ಒಬ್ಬೊಬ್ಬರಾಗಿ ಬಂದು, ನನ್ನನ್ನು ದಾಟಿ ಒಳಗೆ ಹೋದರು. ಅವರಿಗೆ ಕೊರೊನಾ ಇರಲಿಲ್ಲ. ಒಳಗೆ ಟಿ.ವಿ. ಹಚ್ಚಿದ್ದರು. ಕಟ್ಟೆಯ ಮೇಲೆ ಕೂತು ನಾನು ಮತ್ತೆ ಕಿಟಕಿಯಿಂದ ನೋಡಿದೆ. ಚಹಾ ಪ್ಲಾಸ್ಟಿಕ್ ಕಪ್ಪಿನಲ್ಲಿ ಬಂತು.

ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡೆಗೆ ನೌಕರಿಗೆ ಹೋದರು. ಹೊರದೇಶದಲ್ಲಿ ತಾನು ಅಸ್ಪೃಶ್ಯನೆಂಬುದೇ ಮರೆತುಹೋಗಿತ್ತು ಎಂದು ಅವರೇ ಬರೆದಿದ್ದಾರೆ. ಬರೋಡೆಯಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರೆ, ಬಡಿಗೆ ಹಿಡಿದ ಗುಂಪು ಬಂದು ಹೊರಹಾಕಿತು. ಅಷ್ಟು ಓದಿದವರಿಗೇ ನಾಲ್ಕೈದು ವರ್ಷದಲ್ಲಿ ಮರೆವು ಬಂದಿದ್ದರೆ, ಗಾರೆಯವನಾದ ನನಗೆ 21 ವರ್ಷದಲ್ಲಿ ಬಂದದ್ದು ದೊಡ್ಡ ಮಾತಲ್ಲ.

ಆ ಶನಿವಾರ ಸಂಜೆ ನಮ್ಮ ಮನೆ ಜನರಿಂದ ತುಂಬಿತ್ತು. ಜುಲೈ ತಿಂಗಳಿಂದ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾಗಿತ್ತು. ಹಿಂದಿಯ ಧಾರಾವಾಹಿ, ಕನ್ನಡಕ್ಕೆ ಡಬ್ ಮಾಡಿದ್ದು. ನಾಡಿನ ಎಷ್ಟೋ ಕೇರಿಗಳಲ್ಲಿ ಜನ ತಾವೇ ದುಡ್ಡು ಕೂಡಿಸಿ ಅದಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಸಾತಾರದ ಸಾಲೆಯಲ್ಲಿ ಕೂರಲು ಮನೆಯಿಂದಲೇ ಗೋಣಿ ಒಯ್ಯುತ್ತಿದ್ದ, ಜವಾನ ಮೇಲಿನಿಂದ ಹೊಯ್ದರೆ ಮಾತ್ರ ನೀರು ಕುಡಿಯಬೇಕಾಗಿದ್ದ ಭೀಮರಾಯನ ಕತೆ. ಓದು ಬಾರದ ನನ್ನವ್ವನಿಗೆ ಬಾಬಾಸಾಹೇಬರೆಂದರೆ ಗೋಡೆಯ ಮೇಲಿನ ಫೋಟೋ. ಈಗ ಆ ಫೋಟೋ ಸಣ್ಣ ಹುಡುಗನಾಗಿ, ಬಾಯಾರಿ ಅವಳೆದುರು ನಿಂತಿತ್ತು.

“ಯಪ್ಪಾ, ನೀನೂ ಗೌಡ್ರ ಮನಿ ಮುಂದ ಹಿಂಗ ನಿಂದರ್ತಿದ್ದಿ” ಅಂದಳು.

ಜಾಹೀರಾತಿನಲ್ಲಿ ಸಾಬೂನು ಮಾರುವವರು ಈ ಕತೆಯ ನಡುವೆಯೂ ಬಂದು ಹೋದರು. ಧಾರಾವಾಹಿಯಿಂದ ಜಾತಿ ಹೋಗುತ್ತದೆಂದು ನಾನು ನಂಬುವವನಲ್ಲ. ಆದರೆ 33 ವರ್ಷಗಳಲ್ಲಿ, ಹೊರಗೆ ನಿಂತವನನ್ನು ನಾನು ಟಿ.ವಿ.ಯ ಒಳಗೆ ಕಂಡದ್ದು ಅದೇ ಮೊದಲು.

ಮರುದಿನ ಗೆಳೆಯನಿಗೆ ಫೋನು ಮಾಡಿದೆ. “ಶನಿವಾರ ನಮ್ಮನಿಗೆ ಬಾ. ಒಳಗ ಕುಂತು ನೋಡೂಣು.”

“ಬರ್ತೀನಿ” ಅಂದ.

ಇನ್ನೂ ಬಂದಿಲ್ಲ.