ಹೊಲಿಗೆ ಹಾಕಿದ ಪ್ರತಿ

ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಒಟ್ಟು ನಾಲ್ಕು ಪ್ರತಿ. ಪಿಎಚ್‌ಡಿ ಪ್ರಬಂಧ ಸಲ್ಲಿಸುವವರಿಗೆ ನಮ್ಮ ವಿಭಾಗ ಕೊಡುವ ಚೀಟಿಯಲ್ಲಿ ಇಷ್ಟೇ ಇತ್ತು. ಕ್ಯಾಂಪಸ್ಸಿನ ಎದುರಿನ ಜೆರಾಕ್ಸ್ ಅಂಗಡಿಯವನೇ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾನೆ. ಆದರೆ ಚೀಟಿ ನೋಡಿದ ಅಪ್ಪ, "ಅವನ ಹತ್ರ ಬೇಡ. ಅವೆನ್ಯೂ ರೋಡಿಗೆ ಹೋಗೋಣ, ನಾನೂ ಬರ್ತೀನಿ" ಎಂದರು. ಕೆಲಸ ಬಿಟ್ಟ ಮೇಲೆ ಎಂಟು ವರ್ಷದಿಂದ ಅವರು ಆ ಕಡೆ ಹೋಗಿರಲಿಲ್ಲ.

ನನ್ನ ಅಪ್ಪ ಬುಕ್ ಬೈಂಡರ್. ಈ ವಾಕ್ಯವನ್ನು ಬರೆಯಲು ನನಗೆ ಬಹಳ ವರ್ಷ ಬೇಕಾಯಿತು. ಎಂ.ಎ. ಸೇರಿದಾಗ ಸ್ನೇಹಿತರು ಕೇಳಿದರೆ "ಪ್ರಿಂಟಿಂಗ್ ಲೈನಿನಲ್ಲಿದ್ದಾರೆ" ಎನ್ನುತ್ತಿದ್ದೆ. ಸುಳ್ಳಲ್ಲ, ಆದರೆ ಕೇಳಿದವರ ಕಣ್ಣಿಗೆ ಒಂದು ಪ್ರೆಸ್ಸು, ಅದರ ಮಾಲೀಕರು ಕಾಣಲಿ ಎಂಬ ಆಸೆ ಆ ಮಾತಿನಲ್ಲಿತ್ತು. ಉಗುರಿನ ಸಂದಿಯಲ್ಲಿ ಮೈದಾ ಅಂಟು ಒಣಗಿದ, ಅವೆನ್ಯೂ ರಸ್ತೆಯ ಗಲ್ಲಿಯೊಂದರ ಮಹಡಿಯಲ್ಲಿ ಕೂಲಿ ಲೆಕ್ಕದಲ್ಲಿ ಹೊಲಿಯುವ ಮನುಷ್ಯ ಕಾಣುವುದು ಬೇಡವಾಗಿತ್ತು.

ತಮಾಷೆಯೆಂದರೆ, ನಾನು ಸಂಶೋಧನೆಗೆ ಆರಿಸಿಕೊಂಡಿದ್ದು ಅದೇ ಪೇಟೆಯನ್ನು.

ಸೆಂಟ್ರಲ್ ಕಾಲೇಜಿನ ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಬಂದೆವು. ಬ್ಯಾಂಕು ಹುಟ್ಟಿದ್ದು 1913ರಲ್ಲಿ. 2017ರ ಏಪ್ರಿಲ್‌ನಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಬ್ಯಾಂಕು ಹೋದರೂ ಆಟೋದವರ ಬಾಯಲ್ಲಿ ಸರ್ಕಲ್ಲು ಹಾಗೇ ಇದೆ. ಅಲ್ಲೇ ಇರುವ ಆಂಜನೇಯನ ಗುಡಿಗೆ ಇಂದಿಗೂ ಯಲಹಂಕ ಗೇಟ್ ಆಂಜನೇಯಸ್ವಾಮಿ ಎಂದೇ ಹೆಸರು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಉತ್ತರದ ಬಾಗಿಲು ಇದ್ದದ್ದು ಇಲ್ಲೇ. ಬಾಗಿಲಿಲ್ಲ, ಮಣ್ಣಿನ ಕೋಟೆಯಿಲ್ಲ, ಸುತ್ತಲಿನ ಕಂದಕವಿಲ್ಲ. ಬಾಗಿಲ ಹೆಸರನ್ನು ಮಾತ್ರ ದೇವರು ಇಟ್ಟುಕೊಂಡಿದ್ದಾನೆ. ನನ್ನ ಪ್ರಬಂಧದ ಎರಡನೇ ಅಧ್ಯಾಯ ಇದರ ಬಗ್ಗೆಯೇ: ಕಟ್ಟಡ ಬಿದ್ದ ಮೇಲೂ ಹೆಸರು ಹೇಗೆ ನಿಲ್ಲುತ್ತದೆ ಎಂದು.

ಇಲ್ಲಿಂದ ದಕ್ಷಿಣಕ್ಕೆ ಕೋಟೆಯ ಕಡೆಗೆ ಹೋಗುತ್ತಿದ್ದ ಬೀದಿ ದೊಡ್ಡಪೇಟೆ. ಹಲಸೂರು ಬಾಗಿಲಿನಿಂದ ಪಶ್ಚಿಮಕ್ಕೆ ಹೋಗಿ ಅದನ್ನು ಅಡ್ಡ ಕತ್ತರಿಸುತ್ತಿದ್ದದ್ದು ಚಿಕ್ಕಪೇಟೆ. ಆ ಕೂಡುರಸ್ತೆಯಿಂದ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆದು ಊರಿನ ಬೀದಿಗಳನ್ನು ಗುರುತಿಸಿದರು ಎಂಬುದು ಐತಿಹ್ಯ. ಚಿಕ್ಕಪೇಟೆ ತನ್ನ ಹೆಸರು ಉಳಿಸಿಕೊಂಡಿತು. ದೊಡ್ಡಪೇಟೆ ಅವೆನ್ಯೂ ರಸ್ತೆಯಾಯಿತು. ಅವೆನ್ಯೂ ಅಂದರೆ ಸಾಲುಮರದ ದಾರಿ. ಈಗ ಇಲ್ಲಿ ಸಾಲಾಗಿ ನಿಂತಿರುವುದು ಅಂಗಡಿಗಳು ಮಾತ್ರ.

ಇದನ್ನೆಲ್ಲ ನಾನು ಹೇಳುತ್ತಾ ಹೋದೆ. ಅಪ್ಪ "ಹೂಂ, ಹೂಂ" ಎನ್ನುತ್ತಾ ಬೇರೆಯೇ ಬೀದಿಯಲ್ಲಿ ನಡೆಯುತ್ತಿದ್ದರು. "ಇಲ್ಲಿ ಒಂದು ನಲ್ಲಿ ಇತ್ತು. ಬೇಸಿಗೇಲಿ ತಳ್ಳುಗಾಡಿಯವರೆಲ್ಲ ಸೇರ್ತಿದ್ರು." "ಈ ಮೂಲೇಲಿ ಸಾಲ ಬರ್ಕೊಂಡು ಟೀ ಕೊಡೋನು." "ರಟ್ಟು ಹೊತ್ಕೊಂಡು ಬಂದ್ರೆ ಇಲ್ಲೇ ಇಳಿಸಿ ಉಸಿರು ತಗೋಬೇಕು, ಮುಂದೆ ಜಾಗ ಸಿಗಲ್ಲ." ಐದೂವರೆ ವರ್ಷ ದಾಖಲೆ ಓದಿದ ನನಗೆ ಈ ಬೀದಿಯಲ್ಲಿ ಭಾರ ಎಲ್ಲಿ ಇಳಿಸಬೇಕು ಎಂದು ಗೊತ್ತಿರಲಿಲ್ಲ.

ರೈಸ್ ಸ್ಮಾರಕ ಚರ್ಚಿನ ಮುಂದೆ ನಿಂತೆ. ಅಂಗಡಿ ಬೋರ್ಡುಗಳನ್ನೇ ನೋಡುತ್ತಾ ಹೋಗುವವರಿಗೆ ಅದು ಕಾಣುವುದೇ ಇಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಪೇಟೆಯಲ್ಲಿ ಶಾಲೆಗಳನ್ನು ನಡೆಸಿದವರು, ಕನ್ನಡ ಕಲಿತವರು. ಅವರ ಮಗ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು, ಆಮೇಲೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದರು. ಮಗನಿಲ್ಲದೆ ನನ್ನ ಅಡಿಟಿಪ್ಪಣಿಗಳಿಲ್ಲ. ತಂದೆಯ ಹೆಸರು ಚರ್ಚಿನ ಮೇಲಿದೆ.

"ಮಧ್ಯಾಹ್ನ ಈ ಗೇಟಿನ ನೆರಳಲ್ಲಿ ಬುತ್ತಿ ಬಿಚ್ತಿದ್ವಿ. ಯಾರ ಚರ್ಚು ಅಂತ ಇವತ್ತು ಗೊತ್ತಾಯ್ತು ನೋಡು" ಎಂದರು ಅಪ್ಪ.

ಆಗ ನನಗೆ ಬಹುದಿನದಿಂದ ಕೇಳಬೇಕಿದ್ದ ಒಂದು ಮಾತು ನೆನಪಾಯಿತು. ಪೇಟೆಯ ವ್ಯಾಪಾರದ ಬಗ್ಗೆ ಹಳೆಯ ಪ್ರಬಂಧವೊಂದು ನಮ್ಮ ಗ್ರಂಥಾಲಯದಲ್ಲಿದೆ. ಅದನ್ನು ನಾನು ಹದಿನಾಲ್ಕು ಕಡೆ ಉಲ್ಲೇಖಿಸಿದ್ದೇನೆ. ಅದರ ಬೆನ್ನಿನ ತುದಿಯಲ್ಲಿ, ಹಾಳೆಗಳು ರಟ್ಟಿಗೆ ಸೇರುವ ಕಡೆ, ಸೀರೆ ಅಂಚಿನ ಸಣ್ಣ ಚೂರೊಂದನ್ನು ಅಂಟಿಸಿದ್ದಾರೆ. ಕೆಂಪು, ಅದರ ಮೇಲೆ ಹಳದಿ ಗೆರೆ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಿಸಾಡುವ ಚೂರುಗಳನ್ನು ಅಪ್ಪ ಹಾಗೆ ಬಳಸುತ್ತಿದ್ದದ್ದು ನನಗೆ ಗೊತ್ತು. ನನ್ನ ಶಾಲೆಯ ನೋಟ್‌ಬುಕ್ಕುಗಳಿಗೂ ಹಾಗೇ ಹಾಕಿಕೊಟ್ಟಿದ್ದರು. ಮೊದಲ ಸಲ ಅದನ್ನು ಕಂಡ ದಿನ ಪಕ್ಕದಲ್ಲಿ ಗೆಳತಿಯರಿದ್ದರು. ನಾನು ಏನೂ ಹೇಳದೆ ಪುಟ ತಿರುವಿದ್ದೆ.

ಈಗ ಫೋನಿನಲ್ಲಿದ್ದ ಅದರ ಚಿತ್ರ ತೋರಿಸಿದೆ. ಅಪ್ಪ ಕನ್ನಡಕ ಮೇಲೆ ಸರಿಸಿ ಹತ್ತಿರ ಹಿಡಿದು ನೋಡಿದರು.

"ನಂದೇ ಅಂತ ಹೇಳೋಕಾಗಲ್ಲ ಕಣಮ್ಮ. ಆ ಗಲ್ಲೀಲಿ ನಾವೆಲ್ಲ ಹಾಗೇ ಹಾಕ್ತಿದ್ವಿ."

ನನಗೆ ಸ್ವಲ್ಪ ನಿರಾಸೆಯಾಯಿತು. ಆಮೇಲೆ ಯೋಚಿಸಿದರೆ, ನನ್ನ ಮಾರ್ಗದರ್ಶಕರು ನನಗೆ ವರ್ಷಗಟ್ಟಲೆ ಕಲಿಸಿದ್ದು ಇದನ್ನೇ ಅಲ್ಲವೇ: ಖಚಿತವಿಲ್ಲದ್ದನ್ನು ಖಚಿತ ಎನ್ನಬೇಡ. ಅಪ್ಪ ಅದನ್ನು ಯಾವ ವಿಭಾಗಕ್ಕೂ ಹೋಗದೆ ಕಲಿತಿದ್ದರು.

ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿ, ಕಾನೂನು ಪುಸ್ತಕ, ಕೆಎಎಸ್ ಗೈಡು, ಹರಿದ ನಿಘಂಟುಗಳನ್ನು ದಾಟಿ ಅಪ್ಪನ ಗಲ್ಲಿಗೆ ತಿರುಗಿದೆವು. ಅವರು ಕೆಲಸ ಮಾಡುತ್ತಿದ್ದ ಕಟ್ಟಡ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಮುಖದ ನಾಲ್ಕು ಅಂತಸ್ತು, ಕೆಳಗೆ ಮೊಬೈಲ್ ಕವರಿನ ಅಂಗಡಿ. ಅಪ್ಪ ಒಂದು ಕ್ಷಣ ತಲೆಯೆತ್ತಿ ಎರಡನೇ ಮಹಡಿಯ ಎತ್ತರವನ್ನು ನೋಡಿದರು. ಏನೂ ಅನ್ನಲಿಲ್ಲ. ಇಲ್ಲಿ ಗುಡಿಯಿಲ್ಲ, ಸರ್ಕಲ್ಲಿಲ್ಲ, ಹೆಸರನ್ನು ಇಟ್ಟುಕೊಳ್ಳುವವರು ಯಾರೂ ಇಲ್ಲ. ನನ್ನ ಎರಡನೇ ಅಧ್ಯಾಯದಲ್ಲಿ ಈ ಬಗೆಯ ಕಟ್ಟಡಕ್ಕೆ ಜಾಗವೇ ಇರಲಿಲ್ಲ ಎಂದು ಆಗ ಹೊಳೆಯಿತು.

ಮುಂದಿನ ತಿರುವಿನಲ್ಲಿ ಒಂದು ಬೈಂಡಿಂಗ್ ಅಂಗಡಿ ಸಿಕ್ಕಿತು. ಇಪ್ಪತ್ತೈದರ ಹುಡುಗ, ಅಂಟು ಬಳಿಯುವ ಯಂತ್ರ.

"ಹೊಲಿಗೆ ಹಾಕಲ್ವೇನಪ್ಪ?"

"ಈಗ ಯಾರೂ ಕೇಳಲ್ಲ ಅಂಕಲ್. ಗಮ್ಮೇ ಸಾಕು."

"ಸೂಜಿ ದಾರ ಇದ್ಯಾ?"

ಹುಡುಗ ಎಲ್ಲಿಂದಲೋ ದಬ್ಬಳ, ದಾರ ಹುಡುಕಿ ಕೊಟ್ಟ. ಅಪ್ಪ ನೆಲದ ಮೇಲೆ ಕೂತು ಒಂದು ಪ್ರತಿಯನ್ನು ತೊಡೆಗೆ ಆನಿಸಿಕೊಂಡರು. ಹಾಳೆಗಳನ್ನು ತಟ್ಟಿ ತಟ್ಟಿ ಅಂಚು ಸಮ ಮಾಡಿ, ಅಳತೆಪಟ್ಟಿಯಿಲ್ಲದೆ ಐದು ತೂತು ಹಾಕಿದರು. ಕೈ ಸ್ವಲ್ಪ ನಡುಗುತ್ತಿತ್ತು. ದಾರ ಎಳೆಯುವಾಗ ನಡುಗಲಿಲ್ಲ.

ಅವರು ಹೊಲಿಯುತ್ತಿದ್ದಾಗ ಉಳಿದ ಪ್ರತಿಗಳ ಕೃತಜ್ಞತೆಯ ಪುಟ ತೆಗೆದು ನೋಡಿದೆ. ಗ್ರಂಥಪಾಲಕರಿಗೆ ಎರಡು ಸಾಲು, ಪತ್ರಾಗಾರದ ಸಿಬ್ಬಂದಿಗೆ ಮೂರು ಸಾಲು, ಕೊನೆಗೆ "ನನ್ನ ತಂದೆ ತಾಯಿಗೆ". ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಆ ಪುಟದ ಕಡತ ತೆಗೆಸಿದೆ. ಒಂದು ವಾಕ್ಯ ಸೇರಿಸಿದೆ: ಅಪ್ಪ ಈ ಬೀದಿಯಲ್ಲಿ ಮೂವತ್ತೊಂದು ವರ್ಷ ಪುಸ್ತಕ ಹೊಲಿದರು, ಇತರರ ಪ್ರಬಂಧಗಳನ್ನೂ. ಹೊಸ ಪುಟ ಮೂರು ಪ್ರತಿಗಳಿಗೆ ಸೇರಿತು. ನಾಲ್ಕನೆಯದರ ಹೊಲಿಗೆ ಅಷ್ಟರಲ್ಲಿ ಮುಗಿದಿತ್ತು. ಬಿಚ್ಚಿ ಎನ್ನಲು ಬಾಯಿ ಬರಲಿಲ್ಲ.

ಮನೆಗೆ ಹೊರಟಾಗ, "ಹೊಲಿಗೇದು ನಮಗಿರಲಿ, ಉಳಿದದ್ದು ಕೊಟ್ಟುಬಿಡ್ತೀನಿ" ಎಂದೆ.

ಅಪ್ಪ ತಲೆಯಾಡಿಸಿದರು. "ಮನೇಲಿ ಯಾರು ತೆಗೆದು ನೋಡ್ತಾರೆ? ಹೊಲಿಗೇದು ಲೈಬ್ರರಿಗೆ ಕೊಡು. ನಾಲ್ಕು ಜನ ತಿರುವೋ ಪುಸ್ತಕ ಬಿಚ್ಕೋಬಾರದು."

ಹಾಗೇ ಮಾಡಿದೆ. ಗ್ರಂಥಾಲಯದಲ್ಲಿ ಇಟ್ಟಿರುವ ಪ್ರತಿಯಲ್ಲಿ ಅಪ್ಪನ ಬಗ್ಗೆ ಆ ವಾಕ್ಯವಿಲ್ಲ. ಐದು ತೂತುಗಳಲ್ಲಿ ಹಾದ ದಾರವಿದೆ.