ನೇರಳೆಗೆ ಮುಳ್ಳಿಲ್ಲ

ಜುಲೈ ಬಂತೆಂದರೆ ಅಡ್ಯಾರಿನ ನಮ್ಮ ಬೀದಿಯಲ್ಲಿ ಹತ್ತು ಹೆಜ್ಜೆಯಷ್ಟು ರಸ್ತೆ ಬಣ್ಣ ಬದಲಿಸುತ್ತದೆ. ಮೂಲೆಮನೆಯ ಕಾಂಪೌಂಡಿನೊಳಗೆ ದೊಡ್ಡದೊಂದು ನೇರಳೆ ಮರ. ಅರ್ಧ ಕೊಂಬೆಗಳು ರಸ್ತೆಯ ಮೇಲೆ. ಬೆಳಗ್ಗೆ ಆರು ಗಂಟೆಗೆ ಹೋದರೆ ಹಣ್ಣು, ಏಳರ ಮೇಲೆ ಹೋದರೆ ಸ್ಕೂಲ್ ವ್ಯಾನುಗಳ ಚಕ್ರಕ್ಕೆ ಸಿಕ್ಕು ಬರೀ ಕಲೆ. ಎದುರುಮನೆಯ ಪಾಟ್ಟಿಯೂ ನಾನೂ ಒಂದೊಂದು ಸ್ಟೀಲ್ ಡಬ್ಬಿ ಹಿಡಿದು ಆರಕ್ಕೇ ಹೊರಡುತ್ತೇವೆ. ಬೆಸೆಂಟ್ ನಗರದ ಬೀಚಿನ ಹತ್ತಿರ ತಳ್ಳುಗಾಡಿಯಲ್ಲಿ ಸಿಗುವಂಥ ದಪ್ಪ ಹಣ್ಣಲ್ಲ ಇದು. ಸಣ್ಣದು, ಬೀಜವೇ ಹೆಚ್ಚು, ಒಗರು. ಆದರೂ ನೆಲದಿಂದ ಆರಿಸಿದ್ದರ ರುಚಿ ತೂಕ ಹಾಕಿಸಿಕೊಂಡದ್ದಕ್ಕೆ ಬರುವುದಿಲ್ಲ.

ಪಾಟ್ಟಿ ಅದನ್ನು ನಾವಲ್ ಅನ್ನುತ್ತಾರೆ. ಮಲಯಾಳಂನವರಿಗೆ ಞಾವಲ್, ತೆಲುಗಿನವರಿಗೆ ನೇರೇಡು. ನಾವು ಕನ್ನಡದವರು ಹಣ್ಣಿನ ಹೆಸರನ್ನೇ ಒಂದು ಬಣ್ಣಕ್ಕೂ ಇಟ್ಟುಬಿಟ್ಟಿದ್ದೇವೆ. ಭಾಷಾಶಾಸ್ತ್ರ ಓದಿದವಳಿಗೆ ಇಂಥದ್ದೆಲ್ಲ ಖುಷಿ. ಆದರೆ ಐದು ವರ್ಷದ ಹಿಂದೆ ಇದೇ ಪದದ ಮೇಲೆ ನಾನು ಜಾರಿಬಿದ್ದೆ. ಅದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ಆಗ ಅನುವಾದಕ್ಕೆ ಬಂದದ್ದು ಇಂಗ್ಲೆಂಡಿನ ಹಳ್ಳಿಯೊಂದರ ಕಥೆ. ಏಳು ವರ್ಷದ ಹುಡುಗಿ ಹೇಳದೆ ಕೇಳದೆ ಬ್ಲ್ಯಾಕ್‌ಬೆರಿ ಕೀಳಲು ಹೋಗುತ್ತಾಳೆ. ನಮ್ಮಲ್ಲಿ ನೇರಳೆಗೆ 'ಇಂಡಿಯನ್ ಬ್ಲ್ಯಾಕ್‌ಬೆರಿ' ಎಂದೂ ಹೇಳುವುದುಂಟಲ್ಲ, ನಾನು ಹಿಂದೆ ಮುಂದೆ ನೋಡದೆ 'ನೇರಳೆ' ಎಂದು ಬರೆದೆ. ಎರಡಕ್ಕೂ ದೂರದ ನಂಟೂ ಇಲ್ಲ. ನೇರಳೆ ಲವಂಗದ ಕುಲದ ಮರ. ಬ್ಲ್ಯಾಕ್‌ಬೆರಿ ಗುಲಾಬಿಯ ಕುಟುಂಬದ್ದು. ಬೇಲಿಯಂಚಲ್ಲಿ ಹಬ್ಬುವ ಮುಳ್ಳುಮಟ್ಟಿ, ಒಂದೊಂದು ಹಣ್ಣೂ ಪುಟ್ಟ ಪುಟ್ಟ ಗುಂಡುಗಳ ಗೊಂಚಲು. ಅಲ್ಲಿ ಅದು ಮಾಗುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಮೈಕೆಲ್‌ಮಸ್ ಹಬ್ಬ ಕಳೆದ ಮೇಲೆ ಸೈತಾನ ಅದರ ಮೇಲೆ ಉಗುಳಿರುತ್ತಾನೆ, ಕೀಳಬಾರದು ಎಂಬ ನಂಬಿಕೆ ಅಲ್ಲಿಯ ಹಳ್ಳಿಗರದು.

ತೊಡಕಾದದ್ದು ಎರಡು ಪುಟದ ನಂತರ. ಹುಡುಗಿ ಮನೆಗೆ ಬರುತ್ತಾಳೆ, ಮೊಣಕೈವರೆಗೂ ಗೀರು. ಅಮ್ಮ ಬೈಯುವುದಿಲ್ಲ. ಬಿಸಿನೀರು ತಂದು ಒಂದೊಂದೇ ಗೀರು ತೊಳೆಯುತ್ತಾಳೆ, ಅಷ್ಟೇ. ಆದರೆ ನೇರಳೆಗೆ ಮುಳ್ಳೆಲ್ಲಿ? ಹಿಂದಕ್ಕೆ ಹೋಗಿ ಪದ ತಿದ್ದಬೇಕಿತ್ತು. ಗಡುವು ಹತ್ತಿರವಿತ್ತು, 'ನೇರಳೆ' ಕಿವಿಗೆ ಚೆನ್ನಾಗಿಯೂ ಇತ್ತು. ನಾನು ಗೀರನ್ನೇ ತೆಗೆದೆ. ಬದಲಿಗೆ ಹುಡುಗಿಯ ನಾಲಿಗೆ ನೀಲಿಯಾದದ್ದು ಕಂಡು ಅಮ್ಮ ನಕ್ಕಳು ಎಂದು ಒಂದು ಸಾಲು ಸೇರಿಸಿದೆ.

ಪುಸ್ತಕ ಬಂತು. ಓದಿದವರಲ್ಲಿ ಮೂರ್ನಾಲ್ಕು ಜನ ಆ ನಾಲಿಗೆಯ ಸಾಲನ್ನೇ ಎತ್ತಿ ಹೇಳಿದರು, ಎಷ್ಟು ಸಹಜವಾಗಿದೆ ಎಂದರು. ನಾನು ಥ್ಯಾಂಕ್ಸ್ ಅಂದೆ.

ಸಾಗರದಿಂದ ಫೋನ್ ಮಾಡಿದ ಅಮ್ಮ ಮಾತ್ರ ಕೇಳಿದಳು, "ಅಲ್ವೇ, ಅಷ್ಟು ಸಣ್ಣ ಹುಡುಗಿಗೆ ನೇರಳೆ ಮರದ ಕೊಂಬೆ ಹೆಂಗೆ ಎಟುಕ್ತು?"

ಆ ಹಣ್ಣಿಗೆ ಮುಳ್ಳಿರುತ್ತದೆ, ಅದು ಮಟ್ಟಿ, ಮರವಲ್ಲ ಎಂದು ಹೇಳಿದೆ. "ಹಂಗಾದ್ರೆ ಕವಳಿ ಥರದ್ದು ಅನ್ನು," ಅಂದಳು.

ಕವಳಿ ಹಣ್ಣು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ತುಳುವಿನಲ್ಲಿ ಕರಂಡೆ; ಇಲ್ಲಿ ಚೆನ್ನೈಯಲ್ಲಿ ಕಳಾಕ್ಕಾಯ್, ಉಪ್ಪಿನಕಾಯಿಗೆ ಹಾಕುತ್ತಾರೆ. ನಮ್ಮೂರ ಬೆಟ್ಟದಲ್ಲಿ ಬೇಸಿಗೆ ರಜೆಯ ಕೊನೆಗೆ, ಮಳೆ ಹಿಡಿಯುವ ಮೊದಲು, ಕಪ್ಪಗೆ ಮಾಗುತ್ತಿತ್ತು. ಕಿತ್ತರೆ ಬಿಳಿ ಸೊನೆ, ತಿಂದರೆ ತುಟಿ ಅಂಟಂಟು. ಒಳ್ಳೆಯ ಹಣ್ಣು ಯಾವಾಗಲೂ ಮಟ್ಟಿಯ ಒಳಗೇ. ಕೈ ಹಾಕುವಾಗ ಮುಳ್ಳು ಗೊತ್ತಾಗುವುದಿಲ್ಲ, ತೆಗೆಯುವಾಗ ಗೊತ್ತಾಗುತ್ತದೆ. ಒಮ್ಮೆ ಮನೆಯಲ್ಲಿ ಹೇಳದೆ ಹೋಗಿ ಕತ್ತಲಾದ ಮೇಲೆ ಬಂದಿದ್ದೆ. ಅಮ್ಮ ಏನೂ ಅನ್ನದೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಎರಡೂ ಕೈಗೆ ಹಚ್ಚಿದ್ದಳು. ಅವಳ ಕೈ ನಡುಗುತ್ತಿತ್ತು. ಎಷ್ಟು ಹೆದರಿದ್ದಳೆಂದು ನನಗೆ ತಿಳಿದದ್ದು ಆ ನಡುಕದಿಂದ.

ಫೋನ್ ಇಟ್ಟಮೇಲೆ ಹೊಳೆಯಿತು: ನಾನು ಕಥೆಯಿಂದ ತೆಗೆದುಹಾಕಿದ್ದು ಇದನ್ನೇ. ಕನ್ನಡದ ಓದುಗರಿಗೆ ಹತ್ತಿರವಾಗಲೆಂದು ಪರಿಚಯದ ಹಣ್ಣೊಂದನ್ನು ಇಟ್ಟು, ನನಗೇ ಚೆನ್ನಾಗಿ ಗೊತ್ತಿದ್ದ ಕೈಯನ್ನು ಅಳಿಸಿಬಿಟ್ಟಿದ್ದೆ.

ಈ ಜುಲೈಯಲ್ಲಿ ಹಣ್ಣು ಆರಿಸುವಾಗ ಒಂದಕ್ಕೆ ಅಂಟಿದ್ದ ಮಣ್ಣನ್ನು ಉಫ್ ಎಂದು ಊದಿದೆ. ಪಾಟ್ಟಿ ನಕ್ಕರು. "ಏನಮ್ಮಾ, ಹಣ್ಣು ಸುಡ್ತಿದೆಯಾ?" ತಮಿಳುನಾಡಿನಲ್ಲಿ ಮಕ್ಕಳಿಗೂ ಗೊತ್ತಿರುವ ಅವ್ವೈಯಾರ್ ಕಥೆ ಅದು. ನಾವಲ್ ಮರದ ಮೇಲೆ ಕೂತ ಹುಡುಗ, ಸುಟ್ಟ ಹಣ್ಣು ಬೇಕೋ ಸುಡದ್ದು ಬೇಕೋ ಎಂದು ಕೇಳುತ್ತಾನೆ. ಹಣ್ಣು ಎಲ್ಲಾದರೂ ಸುಟ್ಟಿರುತ್ತದೆಯೇ, ನೋಡೋಣವೆಂದು ಅವ್ವೈ ಸುಟ್ಟದ್ದೇ ಕೇಳುತ್ತಾಳೆ. ಉದುರಿದ ಹಣ್ಣಿನ ಮರಳನ್ನು ಅವಳು ಊದುವಾಗ, ಬಿಸಿ ಇದೆಯಾ ಎಂದು ಅವನು ಕೇಳುತ್ತಾನೆ. ಹುಡುಗ ಮುರುಗನೆಂದು ಅವಳಿಗೆ ತಿಳಿಯುವುದು ಆಮೇಲೆ. ಭಾಷೆಯೆಲ್ಲ ತನಗೆ ಗೊತ್ತು ಎಂದುಕೊಂಡಿದ್ದ ಅಷ್ಟು ದೊಡ್ಡ ಕವಯಿತ್ರಿ ಸೋತದ್ದು ದಿನಾ ಆಡುವ ಒಂದು ಮಾತಿಗೆ. ನನ್ನಂಥವಳ ಪಾಡೇನು!

ಪುಸ್ತಕ ಈಗ ಮರುಮುದ್ರಣವಾಗುತ್ತಿದೆ. ತಿದ್ದುವುದಿದ್ದರೆ ಕಳಿಸಿ ಎಂದಾಗ ಮೊದಲು 'ಕವಳಿ' ಎಂದು ಬರೆದು ನೋಡಿದೆ. ಹೊಂದಲಿಲ್ಲ. ಕವಳಿಗೆ ಬಿರುಬೇಸಿಗೆ ಬೇಕು. ಆ ಕಥೆಯಲ್ಲಿ ಚಳಿ ಶುರುವಾಗುತ್ತಿದೆ. ಕೊನೆಗೆ 'ಬ್ಲ್ಯಾಕ್‌ಬೆರಿ' ಎಂದೇ ಇಟ್ಟೆ, ಪಕ್ಕದಲ್ಲಿ 'ಮುಳ್ಳುಮಟ್ಟಿ' ಎಂದು ಸೇರಿಸಿದೆ. ಹಣ್ಣು ನೋಡದವರಿಗೂ ಗೀರು ಗೊತ್ತಿರುತ್ತದೆ. ಅಮ್ಮ, ಬಿಸಿನೀರು, ಮೊಣಕೈ, ಎಲ್ಲ ತಮ್ಮ ಜಾಗಕ್ಕೆ ಬಂದವು.

ನಾಲಿಗೆಯ ಸಾಲು ಹೋಯಿತು. ಅದನ್ನು ಮೆಚ್ಚಿದ್ದವರು ಹೊಸ ಪ್ರತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಕ್ಷಮಿಸಿ. ಅದು ಲೇಖಕಿಯದಾಗಿರಲಿಲ್ಲ, ನನ್ನದಾಗಿತ್ತು.