ಬೆಡಗು ಎಂಬ ಮಾತು



ಕೆಲವು ಮಾತುಗಳು ಮನೆಯ ಹಿರಿಯರೊಂದಿಗೇ ಹೊರಟುಹೋಗುತ್ತವೆ. ‘ಬೆಡಗು’ ಎಂಬುದು ಅಂಥದೊಂದು ಮಾತು. ನಮ್ಮ ಅಜ್ಜಿ ತೊಟ್ಟಿಲಲ್ಲಿ ನಗುವ ಕೂಸನ್ನು ಕಂಡು ‘ಎಂಥಾ ಬೆಡಗು ನೋಡು’ ಎಂದು ದೃಷ್ಟಿ ತೆಗೆಯುತ್ತಿದ್ದಳು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ ನನ್ನನ್ನು ಕಂಡು ‘ಸಾಕು ನಿನ್ನ ಬೆಡಗು ಬಿನ್ನಾಣ’ ಎಂದು ಗದರುತ್ತಿದ್ದಳು. ಮೆಚ್ಚಿಗೆಗೂ ಗದರಿಕೆಗೂ ಒಂದೇ ಮಾತು ಹೇಗೆ ಒದಗುತ್ತದೆಂದು ಬಾಲಕನಾದ ನನಗೆ ಸೋಜಿಗವಾಗುತ್ತಿತ್ತು. ಮುಂದೆ ಕನ್ನಡ ಅಧ್ಯಾಪಕನಾಗಿ ಅನೇಕ ವರ್ಷ ಪಾಠ ಹೇಳಿದೆನಾದರೂ, ಆ ಮಾತಿನ ಆಳ ನನಗೆ ತಿಳಿದದ್ದು ನಿವೃತ್ತಿಯ ನಂತರ, ಶ್ರೀಮಠದ ದಾಸೋಹ ಮನೆಯಲ್ಲಿ.

ಹಳಗನ್ನಡದಲ್ಲಿ ಇದರ ರೂಪ ‘ಬೆಡಂಗು’. ‘ಅಡಂಗು’ ಎಂಬುದು ‘ಅಡಗು’ ಆದಂತೆ, ‘ತೊಡಂಕು’ ಎಂಬುದು ‘ತೊಡಕು’ ಆದಂತೆ, ಬೆಡಂಗು ‘ಬೆಡಗು’ ಆಯಿತು. ಸೊಬಗು, ಚೆಲುವು, ಒಯ್ಯಾರ ಎಂಬುದು ಇದರ ಮೊದಲ ಅರ್ಥ. ಆದರೆ ಅಂದು ಇದು ಕೇವಲ ಮುಖದ ಚೆಲುವಿಗೆ ಸಲ್ಲುವ ಮಾತಾಗಿರಲಿಲ್ಲ. ಕವಿಚಕ್ರವರ್ತಿ ರನ್ನನಿಗೆ ಆಶ್ರಯವಿತ್ತ ಚಾಲುಕ್ಯ ಸತ್ಯಾಶ್ರಯನಿಗೆ (997–1008) ‘ಇರಿವಬೆಡಂಗ’ ಎಂಬ ಬಿರುದಿತ್ತು. ರಣರಂಗದಲ್ಲಿ ಇರಿಯುವಾಗ ಬೆಡಗುಳ್ಳವನು ಎಂದು ಅದರ ಭಾವ. ಅದೇ ವಂಶದ ಅಕ್ಕಾದೇವಿ 11ನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದವಳು. ಆಕೆಗೆ ‘ಗುಣದಬೆಡಂಗಿ’ ಎಂಬ ಬಿರುದು. ಗುಣವೇ ಆಕೆಯ ಸೊಬಗು. ಶೌರ್ಯಕ್ಕೂ ಬೆಡಗುಂಟು, ಗುಣಕ್ಕೂ ಬೆಡಗುಂಟು ಎಂದು ನಮ್ಮ ಹಿರಿಯರು ಬಗೆದಿದ್ದರು.

ಈ ಮಾತು ಶರಣ ಸಾಹಿತ್ಯದ ಸಂಬಂಧದಲ್ಲಿ ಬಂದಾಗ ಅದರ ಅರ್ಥ ಇನ್ನೊಂದು ತಿರುವು ಪಡೆಯುತ್ತದೆ. ಹೊರಗೆ ವಿಸ್ಮಯವನ್ನೂ ಒಳಗೆ ಗೂಢಾರ್ಥವನ್ನೂ ಇರಿಸಿಕೊಂಡ ವಚನಗಳನ್ನು ನಾವು ‘ಬೆಡಗಿನ ವಚನ’ಗಳೆಂದು ಕರೆಯುತ್ತೇವೆ. ಅಲ್ಲಮಪ್ರಭುದೇವರು ಇವುಗಳಿಗೆ ಹೆಸರಾದವರು. ಸಿದ್ಧರ ಸಂಧ್ಯಾಭಾಷೆ, ಕನಕದಾಸರ ಮುಂಡಿಗೆ ಇದೇ ಬಳಗಕ್ಕೆ ಸೇರತಕ್ಕವು. ಲೋಕದಲ್ಲಿ ನಡೆಯಲಾರದ ಸಂಗತಿಗಳು ಅಲ್ಲಿ ನಡೆಯುತ್ತವೆ, ಕೇಳಿದವನು ಬೆರಗಾಗುತ್ತಾನೆ. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಶರಣ ಸಾಹಿತ್ಯದ ಸಂಕಲನ ಮತ್ತು ವ್ಯಾಖ್ಯಾನದ ಮಹಾಕಾರ್ಯ ನಡೆದಾಗ, ಮಹಲಿಂಗದೇವರಂಥ ಹಿರಿಯರು ಪ್ರಭುದೇವರ ವಚನಗಳಿಗೆ ಟೀಕೆ ಬರೆದರು. ಆ ಟೀಕೆಗಳಿಲ್ಲದೆ ಹೋಗಿದ್ದರೆ ಇಂದು ಎಷ್ಟೋ ವಚನಗಳ ಬಾಗಿಲು ನಮಗೆ ತೆರೆಯುತ್ತಿರಲಿಲ್ಲ.

ಚೆಲುವನ್ನು ಹೇಳುವ ಮಾತೇ ಗೂಢವನ್ನೂ ಹೇಳಲು ಹೇಗೆ ಬಂದಿತು? ನನಗೆ ತೋರುವುದಿಷ್ಟು. ಚೆಲುವು ನಮ್ಮನ್ನು ಹತ್ತಿರಕ್ಕೆ ಕರೆಯುತ್ತದೆ. ಪೂರ್ತಿಯಾಗಿ ತೋರಿಬಿಟ್ಟದ್ದನ್ನು ನಾವು ನೋಡಿ ಮುಂದೆ ಸಾಗುತ್ತೇವೆ. ಅರ್ಧ ತೋರಿ ಅರ್ಧ ಮರೆಯಾದದ್ದರ ಬೆನ್ನುಹತ್ತಿ ಹೋಗುತ್ತೇವೆ. ಲಿಂಗಾಂಗ ಸಾಮರಸ್ಯದ ನಿಲುವು ಮಾತಿಗೆ ಸಿಗುವಂಥದಲ್ಲ. ಅದನ್ನು ಬಿಚ್ಚಿ ಹೇಳಹೊರಟರೆ ಬರಿಯ ಶಬ್ದ ಉಳಿಯುತ್ತದೆ. ಆದುದರಿಂದ ಪ್ರಭುದೇವರು ಮಾತಿಗೆ ಬೆಡಗನ್ನಿಟ್ಟು ಸಾಧಕನನ್ನು ಕರೆದರು. ಕರೆಸಿಕೊಂಡವನು ತಾನೇ ಎದ್ದು ನಡೆಯಬೇಕು. ಅವನ ಪರವಾಗಿ ಬೇರೊಬ್ಬರು ನಡೆಯಲಾಗದು.

ಈ ಕಡೆಯ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಪ್ರಭುದೇವರ ಒಂದು ಬೆಡಗಿನ ವಚನದ ಮೇಲೆ ಮಾತನಾಡುವ ಸೇವೆ ನನಗೆ ದೊರಕಿತ್ತು. ಟೀಕೆಗಳನ್ನು ಚೆನ್ನಾಗಿ ಓದಿಕೊಂಡು ಹೋಗಿದ್ದೆ. ಒಂದೊಂದು ಸಂಕೇತವನ್ನೂ ಬಿಡಿಸಿ, ಷಟ್‌ಸ್ಥಲಕ್ಕೆ ಹೊಂದಿಸಿ, ನಡುನಡುವೆ ನಗಿಸಿ ಮಾತನಾಡಿದೆ. ಸಭೆ ಚಪ್ಪಾಳೆ ತಟ್ಟಿತು. ನನ್ನ ಮನಸ್ಸು ಹಿಗ್ಗಿತು. ಪ್ರಸಾದಕ್ಕೆ ಕುಳಿತಾಗ, ಪ್ರತಿದಿನ ರೊಟ್ಟಿ ಬಡಿಯುವ ಸೇವೆಗೆ ಬರುವ ವಯಸ್ಸಾದ ತಾಯಿಯೊಬ್ಬರು ನನ್ನ ತಾಟಿಗೆ ರೊಟ್ಟಿ ನೀಡುತ್ತ ಕೇಳಿದರು:

“ಯಪ್ಪಾ, ಭಾಳ ಛಂದ ಹೇಳಿದ್ರಿ. ಯಾವುದಕ್ಕ ಏನು ಅರ್ಥ ಅಂತ ನನಗೂ ತಿಳೀತು. ಅದನ್ನ ತಿಳಕೊಂಡ ಮ್ಯಾಲ ನಿಮಗ ಏನಾತ್ರಿ?”

ಆಕೆಯ ಧ್ವನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯಬೇಕೆಂಬ ಆಸೆಯಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಹೊಲದ ಬದುವಿನ ವಿಷಯದಲ್ಲಿ ಒಡಹುಟ್ಟಿದ ತಮ್ಮನೊಂದಿಗೆ ಮಾತು ಬಿಟ್ಟು ಆಗ ಒಂಬತ್ತು ವರ್ಷಗಳಾಗಿದ್ದವು. ಎರಡು ಮೊಳ ನೆಲಕ್ಕಾಗಿ ತಮ್ಮನ ಮಗಳ ಮದುವೆಗೂ ನಾನು ಹೋಗಿರಲಿಲ್ಲ. ಅಂಥ ನಾನು ಅಂದು ಸಂಜೆ ನೂರಾರು ಜನರ ಮುಂದೆ ಬಯಲಿನ ವಿಚಾರ ಹೇಳಿ ಬಂದಿದ್ದೆ. ಅಜ್ಜಿಯ ಗದರಿಕೆ ಆ ಕ್ಷಣ ಕಿವಿಯಲ್ಲಿ ಕೇಳಿದಂತಾಯಿತು. ಪ್ರಭುದೇವರ ಬೆಡಗನ್ನು ಬಿಡಿಸುವ ನೆಪದಲ್ಲಿ ನಾನು ನನ್ನ ಬೆಡಗನ್ನೇ ಮೆರೆದಿದ್ದೆ. ಕನ್ನಡಿಯೊಂದು ಬದಲಾಗಿತ್ತು, ಅದರ ಮುಂದೆ ನಿಂತ ಹುಡುಗ ಬದಲಾಗಿರಲಿಲ್ಲ.

ಆ ವರ್ಷದ ದೀಪಾವಳಿಗೆ ತಮ್ಮನ ಮನೆಗೆ ಹೋದೆ. ಅವನು ‘ಬಾ ಅಣ್ಣ’ ಎಂದು ಚಾಪೆ ಹಾಸಿದ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಚಹಾ ಕುಡಿದು, ಎತ್ತುಗಳನ್ನು ನೋಡಿಕೊಂಡು ಬಂದೆ. ಬದುವಿನ ವ್ಯಾಜ್ಯ ಇಂದಿಗೂ ಪೂರ್ತಿ ತೀರಿಲ್ಲ. ಆದರೆ ಹಬ್ಬಹುಣ್ಣಿಮೆಗೆ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತೇವೆ. ಆ ತಾಯಿಯನ್ನು ಮರುವರ್ಷ ಕಂಡಾಗ ಇಷ್ಟನ್ನೇ ಹೇಳಿದೆ. ಆಕೆ ನಕ್ಕು ಇನ್ನೊಂದು ರೊಟ್ಟಿ ನೀಡಿದರು.

ಅಕ್ಕಮಹಾದೇವಿ ತನ್ನ ಆರಾಧ್ಯನನ್ನು ಕರೆದ ಹೆಸರು ಚೆನ್ನಮಲ್ಲಿಕಾರ್ಜುನ. ಚೆನ್ನ ಎಂದರೆ ಚೆಲುವ. ಆ ಚೆಲುವನಿಗಾಗಿ ಆಕೆ ಅರಮನೆಯ ಬೆಡಗನ್ನೆಲ್ಲ ತೊರೆದು ನಡೆದಳು. ನಮ್ಮಿಂದ ಅಷ್ಟಾಗದಿರಬಹುದು. ಆದರೂ ಬೆಡಗಿನ ವಚನವೊಂದನ್ನು ಓದಿ, ಅರ್ಥವಾಯಿತೆಂದು ಪುಸ್ತಕ ಮುಚ್ಚುವ ಮುನ್ನ ಆ ತಾಯಿಯ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಅರಿವು ಆಚಾರದಲ್ಲಿ ಕಂಡಾಗ ಮನುಷ್ಯನಿಗೆ ಬರುವ ಸೊಬಗೇ ಗುಣದ ಬೆಡಗು. ಅದು ಎಲ್ಲರಿಗೂ ದೊರಕಲೆಂದು ಬಸವಾದಿ ಪ್ರಮಥರಲ್ಲಿ ಬೇಡಿಕೊಳ್ಳುತ್ತೇನೆ.